ಹಳೆ ಮನೆಯ ಕರೆಂಟು: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಳೆಗಾಲ ಹತ್ತಿರ ಬಂದ ಹಾಗೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ: ಹಳೆ ಮನೆ, ಹಳೆ ವೈರಿಂಗು, ಗೋಡೆ ಮುಟ್ಟಿದರೆ ಜುಂ. ಈ ಸಲ ಎಂಟು ಪ್ರಶ್ನೆ ಆರಿಸಿಕೊಂಡಿದ್ದೇವೆ. ಮೀಟರು, ಅದರ ಸೀಲು, ಕಂಬದಿಂದ ಬರುವ ಸರ್ವಿಸ್ ವೈರು ಇವೆಲ್ಲ ಎಸ್ಕಾಂನವರ (ಕರೆಂಟು ಕೊಡುವ ಕಂಪನಿಯವರ) ಸುಪರ್ದಿನಲ್ಲಿರುವುದು, ಕೈ ಹಾಕಬೇಡಿ. ಅದರಿಂದ ಈಚೆಯ ಕೆಲಸವನ್ನೂ ಲೈಸೆನ್ಸ್ ಇರುವವರಿಂದಲೇ ಮಾಡಿಸಿ. ಪಕ್ಕದಲ್ಲಿ ನಿಂತು ಮಾಡಿಸುವವರಿಗೆ ಏನು ಕೇಳಬೇಕು, ಏನು ನೋಡಬೇಕು ಎಂದು ಗೊತ್ತಿರಲಿ ಅಂತ ಇಷ್ಟು ವಿವರ.

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಹಂಚಿನ ಮನೆ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ವೈರಿಂಗ್, ಐವತ್ತು ವರ್ಷ ಹಳೆಯದು. ಅರ್ತಿಂಗ್ (ಸೋರಿದ ಕರೆಂಟನ್ನು ಭೂಮಿಗೆ ಇಳಿಸುವ ವ್ಯವಸ್ಥೆ) ಇಲ್ಲ. ಮಳೆಗಾಲದಲ್ಲಿ ಬಚ್ಚಲ ಗೋಡೆ ಮುಟ್ಟಿದರೆ ಸಣ್ಣಗೆ ಶಾಕ್. ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು) ಹಾಕಿಸೋಣ ಎಂದರೆ ಎಲೆಕ್ಟ್ರಿಷಿಯನ್, ‘ಪೂರ್ತಿ ರೀವೈರಿಂಗ್ ಮಾಡದೆ ಅದು ನಿಲ್ಲೋದೇ ಇಲ್ಲ, ದುಡ್ಡು ದಂಡ’ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಅವರು ಹೇಳಿದ್ದರಲ್ಲಿ ಅರ್ಧ ನಿಜ. ಹಳೆ ವೈರಿಂಗಿಗೆ ಹಾಕಿದ ಆರ್‌ಸಿಸಿಬಿ ಪದೇ ಪದೇ ಬೀಳಬಹುದು, ಅಂದರೆ ತಾನಾಗಿ ಆಫ್ ಆಗಬಹುದು. ಆದರೆ ಬೀಳುತ್ತಿದೆ ಎಂದರೆ ಸಾಮಾನ್ಯವಾಗಿ ಕರೆಂಟು ಎಲ್ಲೋ ಗೋಡೆಗೆ ಸೋರುತ್ತಿದೆ ಎಂದೇ ಲೆಕ್ಕ. ಕಳ್ಳ ಬಂದಾಗಲೆಲ್ಲ ಬೊಗಳುತ್ತದೆ, ಈ ನಾಯಿ ಬೇಡ ಎಂದ ಹಾಗಾಯಿತು.

ಮೊದಲು ಸೋರಿಕೆ ಎಲ್ಲಿದೆ ಎಂದು ಹುಡುಕಿಸಿ. ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಇವತ್ತಿಗೇ ನಿಲ್ಲಲಿ. ಮಲ್ಟಿಮೀಟರಿನ ಒಂದು ಕಡ್ಡಿ ಗೋಡೆಯ ತೇವದ ಜಾಗಕ್ಕೆ, ಇನ್ನೊಂದು ಅಂಗಳದ ಹಸಿ ಮಣ್ಣಿಗೆ ಚುಚ್ಚಿದ ಕಬ್ಬಿಣದ ಸಲಾಕೆಗೆ ಇಟ್ಟು ವೋಲ್ಟೇಜ್ ನೋಡಬೇಕು. ಆಮೇಲೆ ಮೇನ್ ಸ್ವಿಚ್ ಆಫ್. ಆಗಲೂ ವೋಲ್ಟೇಜ್ ತೋರಿಸಿದರೆ ದೋಷ ಮನೆಯೊಳಗಿಲ್ಲ. ಮಾಡಿನ ಮೇಲೆ ಬರುವ ಸರ್ವಿಸ್ ವೈರು ಹಂಚಿಗೋ, ಅದನ್ನು ಹೊತ್ತಿರುವ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿಗೋ ತಾಗಿರಬಹುದು. ಎಸ್ಕಾಂನವರ 1912ಕ್ಕೆ ಫೋನ್ ಮಾಡಿ, ಅವರು ಬರುವ ತನಕ ಆ ಗೋಡೆಯ ಹತ್ತಿರ ಯಾರೂ ಹೋಗಬಾರದು. ವೋಲ್ಟೇಜ್ ಮಾಯವಾದರೆ ದೋಷ ಒಳಗಿದೆ. ಮೇನ್ ಆಫ್ ಇರುವಾಗಲೇ ಒಂದೊಂದು ಫ್ಯೂಸ್ ಕಿತ್ತು, ಮತ್ತೆ ಆನ್ ಮಾಡಿ ಅಳೆಯುತ್ತ ಹೋದರೆ ಯಾವ ಲೈನು ಎಂದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಪಟ್ಟಿ ವೈರಿಂಗಿನಲ್ಲಿ ವೈರು ಹೊರಗೇ ಕಾಣುವುದರಿಂದ ಕೆಟ್ಟಿರುವುದು ಸಾಮಾನ್ಯವಾಗಿ ಕಾಣದ ಜಾಗದಲ್ಲಿ. ಮಣ್ಣಿನ ಗೋಡೆಯನ್ನು ತೂತು ಮಾಡಿ, ಪೈಪ್ ಹಾಕದೆ ವೈರು ದಾಟಿಸಿರುತ್ತಾರೆ. ಅಲ್ಲಿ ಮೇಲಿನ ರಬ್ಬರು ಒಣಗಿ ಬಿರಿದು, ಮುಟ್ಟಿದರೆ ಹೊಟ್ಟಿನಂತೆ ಉದುರುತ್ತದೆ. ಎರಡನೆಯ ಜಾಗ, ಬಲ್ಬ್ ಹೋಲ್ಡರಿನ ಹಿಂದಿನ ಮರದ ಗುಂಡು ಬ್ಲಾಕು. ಮೂರನೆಯದು ಬಚ್ಚಲ ಪಕ್ಕದ ಮರದ ಸ್ವಿಚ್ ಪೆಟ್ಟಿಗೆ: ಇರುವೆ ಗೂಡು, ಹಲ್ಲಿಯ ಮೊಟ್ಟೆ, ಮೇಲಿಂದ ಇಳಿದ ನೀರು. ಕಣ್ಣಿಗೆ ಸಿಗದಿದ್ದರೆ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆಯ ತಡೆ ಅಳೆಯುವ ಮೀಟರು) ತರಿಸಿ. ಬಲ್ಬು, ಟಿವಿ, ಚಾರ್ಜರು ಎಲ್ಲ ಕಿತ್ತು ಅಳೆದಾಗ ವೈರಿಗೂ ಭೂಮಿಗೂ ನಡುವೆ ಕನಿಷ್ಠ 1 ಮೆಗಾಓಮ್ ಬರಬೇಕು. ಅದಕ್ಕಿಂತ ಕಡಿಮೆ ಬಂದ ಲೈನನ್ನಷ್ಟೇ ಈಗ ಬದಲಾಯಿಸಿ. ಉಳಿದದ್ದು ಮಳೆಗಾಲ ಕಳೆದ ಮೇಲೆ ನೋಡೋಣ.

ಇನ್ನು ಅರ್ತಿಂಗ್, ಆರ್‌ಸಿಸಿಬಿ. ಹೊಸ ವೈರಿಗಿಂತ ಮೊದಲು ದುಡ್ಡು ಹೋಗಬೇಕಾದದ್ದು ಈ ಎರಡಕ್ಕೆ. ಲೆಕ್ಕ ನೋಡಿ. ಹೊಸದಾಗಿ ತೋಡಿಸಿದ ಅರ್ತ್ ಗುಂಡಿಯ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) 20 ಓಮ್ ಎಂದಿಟ್ಟುಕೊಳ್ಳಿ. ಗೀಸರಿನ ಕಾಯಿಲ್ ಒಡೆದು ಮೈಗೆ ಕರೆಂಟು ಬಂದರೆ 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ 11.5 ಆಂಪ್. 16 ಆಂಪಿನ ಎಂಸಿಬಿಗೆ (ಕರೆಂಟು ಮಿತಿ ಮೀರಿದರೆ ಕಡಿಯುವ ಸ್ವಿಚ್ಚಿಗೆ) ಅದು ಮಾಮೂಲಿ ಲೋಡು, ಬೀಳುವುದಿಲ್ಲ. ಗೀಸರಿನ ಮೈ ಮಾತ್ರ 200 ವೋಲ್ಟಿನ ಆಸುಪಾಸಿನಲ್ಲಿ ನಿಂತಿರುತ್ತದೆ. 30 ಮಿಲಿಆಂಪಿನ ಆರ್‌ಸಿಸಿಬಿಗೆ ಬೇಕಾದದ್ದು 0.03 ಆಂಪ್ ಸೋರಿಕೆ ಅಷ್ಟೇ. ನೀವು ನಲ್ಲಿ ಮುಟ್ಟುವ ಮೊದಲೇ ಲೈನು ಕಡಿದಿರುತ್ತದೆ. ಅರ್ತಿಂಗ್ ಇಲ್ಲದ ಮನೆಯಲ್ಲೂ ಅದು ಕೆಲಸ ಮಾಡುತ್ತದೆ, ಆದರೆ ಆಗ ಸೋರಿಕೆಯ ದಾರಿ ನಿಮ್ಮ ಮೈ. ಶಾಕ್ ಹೊಡೆದ ಮೇಲೆ ಬೀಳುತ್ತದೆ.

ಇಡೀ ಮನೆಗೆ ಒಂದೇ ಹಾಕಿಸಬೇಡಿ. ಹಳೆ ಮನೆಯಲ್ಲಿ ಎಲ್ಲ ಲೈನಿನ ಚೂರುಪಾರು ಸೋರಿಕೆಯೂ ಕೂಡಿಕೊಂಡು 15, 20 ಮಿಲಿಆಂಪಿಗೇ ಅದು ಬೀಳಬಹುದು, ರಾತ್ರಿ ಮನೆಯೆಲ್ಲ ಕತ್ತಲೆ. ಬಚ್ಚಲು, ಅಡುಗೆಮನೆ, ಅಂಗಳ, ಪಂಪಿಗೆ ಒಂದು. ದೀಪ, ಫ್ಯಾನಿಗೆ ಇನ್ನೊಂದು. ಎರಡೂ ಟೂ ಪೋಲ್ (ಎರಡೂ ವೈರು ಕಡಿಯುವಂಥದ್ದು), 40 ಆಂಪ್, 30 ಮಿಲಿಆಂಪ್. ವಾಷಿಂಗ್ ಮಷಿನ್, ಇನ್ವರ್ಟರ್ ಎಸಿ ಇದ್ದರೆ ‘ಟೈಪ್ ಎ’ ಕೇಳಿ. ಆರ್‌ಸಿಸಿಬಿ ಓವರ್‌ಲೋಡ್ ನೋಡುವುದಿಲ್ಲ, ಎಂಸಿಬಿ ಬೇರೆ ಇರಲೇಬೇಕು. ಒಂದು ಕೈ ಫೇಸಿಗೆ (ಕರೆಂಟು ಬರುವ ವೈರಿಗೆ), ಇನ್ನೊಂದು ನ್ಯೂಟ್ರಲಿಗೆ (ಅದು ವಾಪಸ್ ಹೋಗುವ ವೈರಿಗೆ) ತಾಗಿದರೂ ಇದು ಕಾಯುವುದಿಲ್ಲ. ‘ಟಿ’ ಎಂದು ಬರೆದ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ. ಒತ್ತಿದಾಗ ಬೀಳದ ಆರ್‌ಸಿಸಿಬಿ ಗೋಡೆಗೆ ಅಲಂಕಾರ.

ಹಳೆ ಮೇನ್ ಸ್ವಿಚ್ ತೆರೆದಾಗ ಒಂದು ವಿಷಯ ಗಮನಿಸಿ: ನ್ಯೂಟ್ರಲಿಗೂ ಒಂದು ಫ್ಯೂಸ್ ಇದೆಯೇ? ಇದ್ದರೆ ಮೊದಲು ಅದನ್ನು ತೆಗೆಸಿ. ಆ ಫ್ಯೂಸ್ ಸುಟ್ಟಾಗ ದೀಪ ಆರುತ್ತದೆ, ಕರೆಂಟು ಹೋಯಿತು ಎಂದುಕೊಂಡು ಹೋಲ್ಡರಿಗೆ ಕೈ ಹಾಕುತ್ತೀರಿ, ಫೇಸ್ ಅಲ್ಲೇ ಕಾದಿರುತ್ತದೆ.

ಪ್ರಶ್ನೆ: ಬೆಂಗಳೂರಿನ ಬಸವನಗುಡಿಯಲ್ಲಿ ಅಜ್ಜನ ಕಾಲದ ಮನೆ. 3 ಕಿಲೋವ್ಯಾಟ್ ಗೀಸರ್, ಇಂಡಕ್ಷನ್ ಒಲೆ ಬಂದ ಮೇಲೆ ಪಿಂಗಾಣಿಯ ಕಿಟ್‌ಕ್ಯಾಟ್ ಫ್ಯೂಸ್ ವಾರಕ್ಕೊಮ್ಮೆ ಹೋಗುತ್ತಿತ್ತು. ಈಗ ವೈರಿನ ಮೂರು ಎಳೆ ಹಾಕಿದ್ದೇವೆ, ಹೋಗುತ್ತಿಲ್ಲ. ಆದರೆ ಇಂಡಕ್ಷನ್ ಹಾಕುವ ಪ್ಲಗ್ ಪಾಯಿಂಟ್ ಕಂದು ಬಣ್ಣಕ್ಕೆ ತಿರುಗಿದೆ.

ಉತ್ತರ: ಫ್ಯೂಸ್ ಹೋಗುತ್ತಿಲ್ಲ, ಏಕೆಂದರೆ ಅದು ಈಗ ಫ್ಯೂಸೇ ಅಲ್ಲ. ಮನೆ ವೈರಿನ ಒಂದು ಎಳೆ ಸಾಮಾನ್ಯವಾಗಿ 0.3 ಮಿಲಿಮೀಟರ್ ದಪ್ಪ; ಒಂದೊಂದು ಕರಗಲು ಸುಮಾರು 13 ಆಂಪ್ ಬೇಕು. ಮೂರು ಸೇರಿದರೆ 40ರ ಹತ್ತಿರ. ಅದರ ಮುಂದಿರುವ 1.5 ಸ್ಕ್ವೇರ್ ಎಂಎಂ ವೈರು ಪೈಪಿನೊಳಗೆ ತಾಳುವುದು 13ರಿಂದ 15 ಆಂಪ್. ಅಂದರೆ ಈಗ ನಿಮ್ಮ ಮನೆಯಲ್ಲಿ ಮೊದಲು ಕರಗುವುದು ಗೋಡೆಯೊಳಗಿನ ವೈರಿನ ಪ್ಲಾಸ್ಟಿಕ್. ಸರಿಯಾದ ಫ್ಯೂಸ್ ತಂತಿ ಅಂಗಡಿಯಲ್ಲೇ ಸಿಗುತ್ತದೆ, ತವರ ಲೇಪಿಸಿದ ತಾಮ್ರದ್ದು: 5 ಆಂಪಿಗೆ 0.2 ಮಿಲಿಮೀಟರ್, 15 ಆಂಪಿಗೆ 0.5 ಮಿಲಿಮೀಟರ್. ಇವತ್ತು ಸಂಜೆಯೊಳಗೆ ಆ ಮೂರು ಎಳೆ ತೆಗೆಸಿ ಇದನ್ನು ಹಾಕಿಸಿ.

ಹಾಗೆ ನೋಡಿದರೆ ಸರಿಯಾದ ಫ್ಯೂಸ್ ತಂತಿಯೂ ಜಾಣನೇನಲ್ಲ. 15 ಆಂಪಿನ ತಂತಿ ಕರಗುವುದು 28 ಆಂಪಿನ ಸುತ್ತಮುತ್ತ. 16 ಆಂಪಿನ ಎಂಸಿಬಿಗೆ 23 ಆಂಪ್ ಹರಿದರೆ ಒಂದು ಗಂಟೆಯೊಳಗೆ ಬೀಳಲೇಬೇಕೆಂಬ ನಿಯಮವಿದೆ, ಶಾರ್ಟ್ ಆದರೆ ಆ ಕ್ಷಣ. ಕಿಟ್‌ಕ್ಯಾಟ್ ತೆಗೆದು ಎಂಸಿಬಿ ಹಾಕಿಸಬೇಕಾದ ಕಾರಣ ಇದು.

ಕಂದು ಬಣ್ಣದ ವಿಷಯ. ಸಾಕೆಟ್ಟಿನೊಳಗಿನ ಹಿತ್ತಾಳೆ ತುಟಿ ಸಡಿಲವಾದರೆ ಪಿನ್ನಿನ ಜತೆ ಸರಿಯಾಗಿ ಕೂಡುವುದಿಲ್ಲ. ಆ ಕೂಡಿಕೆಯಲ್ಲಿ ಬರೀ 0.2 ಓಮ್ ತಡೆ ಇದ್ದರೂ 9 ಆಂಪಿಗೆ 16 ವ್ಯಾಟ್, 13 ಆಂಪಿಗೆ 34 ವ್ಯಾಟ್ ಶಾಖ. ರೇಡಿಯೋ ರಿಪೇರಿಯವರ ಸಾಲ್ಡರಿಂಗ್ ಐರನ್ 25 ವ್ಯಾಟಿನದು. ಅದನ್ನು ಪ್ಲಗ್ಗಿನೊಳಗೆ ಇಟ್ಟು ಮರೆತ ಹಾಗೆ. ಬಿಸಿಗೆ ತುಟಿ ಇನ್ನಷ್ಟು ಸಡಿಲ, ಅದರಿಂದ ಇನ್ನಷ್ಟು ಬಿಸಿ. ಕರೆಂಟು ಹೆಚ್ಚಾಗಿ ಹರಿಯುತ್ತಲೂ ಇಲ್ಲ, ಸೋರುತ್ತಲೂ ಇಲ್ಲವಾದ್ದರಿಂದ ಎಂಸಿಬಿಗೂ ಇದು ಗೊತ್ತಾಗುವುದಿಲ್ಲ, ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಮೂಗಿಗೇ ಗೊತ್ತಾಗಬೇಕು: ಸುಟ್ಟ ಮೀನಿನಂಥ ವಾಸನೆ. ಆ ಸಾಕೆಟ್ ಕಿತ್ತು ಎಸೆಯಿರಿ. ಹಿಂದಿನ ವೈರಿನ ತುದಿ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಹೊಸ 16 ಆಂಪ್ ಸಾಕೆಟ್ ಹಾಕಿಸಿ. 16 ಆಂಪಿನ ದಪ್ಪ ಪಿನ್ನನ್ನು 6 ಆಂಪ್ ಪಾಯಿಂಟಿಗೆ ತುರುಕುವ ಅಡಾಪ್ಟರ್ ಮನೆಯಲ್ಲಿದ್ದರೆ ಅದಕ್ಕೂ ಅದೇ ಗತಿ ಕಾಣಿಸಿ.

ಶಾಶ್ವತ ಪರಿಹಾರ ಪ್ರತ್ಯೇಕ ಲೈನು. ಗೀಸರ್ 13 ಆಂಪ್, 2 ಕಿಲೋವ್ಯಾಟ್ ಇಂಡಕ್ಷನ್ 8.7 ಆಂಪ್, ಜತೆಗೆ 750 ವ್ಯಾಟಿನ ಮಿಕ್ಸಿ 3.3. ಬೆಳಿಗ್ಗೆ ಏಳು ಗಂಟೆಗೆ ಮೂರೂ ಒಟ್ಟಿಗೆ ಓಡಿದರೆ 25 ಆಂಪ್ ಒಂದೇ ಹಳೆ ವೈರಿನ ಮೇಲೆ. ಡಿಬಿಯಿಂದ, ಅಂದರೆ ಎಂಸಿಬಿಗಳು ಕೂರುವ ಪೆಟ್ಟಿಗೆಯಿಂದ, ಗೀಸರಿಗೆ 4 ಸ್ಕ್ವೇರ್ ಎಂಎಂ ತಾಮ್ರ, 16 ಆಂಪ್ ಎಂಸಿಬಿ. ಇಂಡಕ್ಷನ್ನಿಗೆ 2.5 ಸಾಕು, ಅದಕ್ಕೂ 16ರ ಎಂಸಿಬಿ. ಮೀಟರಿನಿಂದ ಡಿಬಿಗೆ ಕನಿಷ್ಠ 6 ಸ್ಕ್ವೇರ್ ಎಂಎಂ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೆ ಮನೆಗಳಲ್ಲಿ 1 ಅಥವಾ 2 ಕಿಲೋವ್ಯಾಟ್ ಇರುವುದುಂಟು. ನಿಮ್ಮ ಮೂರು ಸಾಮಾನೇ 5.75 ಆಯಿತು. ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಕಿಲೋವ್ಯಾಟ್ ಲೆಕ್ಕದಲ್ಲಿ ನಿಗದಿತ ಶುಲ್ಕ ಏರುತ್ತದೆ ನಿಜ, ಆದರೆ ಕಂಬದಿಂದ ಮನೆಗೆ ಬರುವ ಸಣ್ಣ ವೈರನ್ನು ಬದಲಿಸಿ ಎಂದು ಕೇಳಲು ನಿಮಗೆ ಹಕ್ಕು ಬರುವುದೂ ಆಮೇಲೆಯೇ.

ಪ್ರಶ್ನೆ: ಮೈಸೂರಿನ ಮನೆಗೆ ಹೋದ ತಿಂಗಳು ಆರ್‌ಸಿಸಿಬಿ ಹಾಕಿಸಿದೆವು. ಹಗಲೆಲ್ಲ ಸರಿ ಇರುತ್ತದೆ. ಸಂಜೆ ಮೆಟ್ಟಿಲ ದೀಪ ಹಾಕಿದ ಕೂಡಲೇ ಬೀಳುತ್ತದೆ. ಇನ್ವರ್ಟರ್ ಇದೆ. ಆರ್‌ಸಿಸಿಬಿಯೇ ಕೆಟ್ಟದ್ದೋ?

ಉತ್ತರ: ಅದು ಒಳ್ಳೆಯದಿರುವುದರಿಂದಲೇ ಬೀಳುತ್ತಿದೆ. ಅದರೊಳಗೆ ನಡೆಯುವುದು ಒಂದೇ ಲೆಕ್ಕ: ಫೇಸಿನಲ್ಲಿ ಹೋದ ಕರೆಂಟು ಅದೇ ಆರ್‌ಸಿಸಿಬಿಯ ನ್ಯೂಟ್ರಲಿನಲ್ಲಿ ವಾಪಸ್ ಬಂತೇ? ಭೂಮಿಗೆ ಸೋರಿದರೂ ಲೆಕ್ಕ ತಪ್ಪುತ್ತದೆ, ಬೇರೆ ನ್ಯೂಟ್ರಲಿನಲ್ಲಿ ಹೋದರೂ ತಪ್ಪುತ್ತದೆ. ಹಳೆ ಮನೆಗಳ ಮೆಟ್ಟಿಲ ದೀಪದಲ್ಲಿ ವೈರು ಉಳಿಸಲು ಫೇಸನ್ನು ಕೆಳ ಮನೆಯಿಂದ, ನ್ಯೂಟ್ರಲನ್ನು ಹತ್ತಿರದಲ್ಲಿ ಸಿಕ್ಕಿದ ಮಹಡಿ ಲೈನಿನಿಂದ ತೆಗೆದುಕೊಂಡಿರುತ್ತಾರೆ. ಎರವಲು ನ್ಯೂಟ್ರಲ್. ಫ್ಯೂಸಿನ ಕಾಲದಲ್ಲಿ ಅದು ಯಾರಿಗೂ ತಿಳಿಯುತ್ತಿರಲಿಲ್ಲ. ಈಗ 9 ವ್ಯಾಟಿನ ಎಲ್‌ಇಡಿ ಹಾಕಿದರೂ ಸುಮಾರು 40 ಮಿಲಿಆಂಪ್ ವ್ಯತ್ಯಾಸ, ಅಷ್ಟು ಸಾಕು.

ದಾರಿ: ಆ ದೀಪದ ನ್ಯೂಟ್ರಲನ್ನು ಮಹಡಿಯ ಬೋರ್ಡಿನಿಂದ ಬಿಡಿಸಿ, ಫೇಸ್ ಎಲ್ಲಿಂದ ಬಂತೋ ಅಲ್ಲಿಂದಲೇ ಹೊಸದೊಂದು ಎಳೆಯಬೇಕು. ಹತ್ತು ಮೀಟರ್ ಕಪ್ಪು ವೈರಿನ ಕೆಲಸ.

ಇನ್ವರ್ಟರ್ ಇರುವ ಮನೆಯಲ್ಲಿ ಇದೇ ತಪ್ಪು ದೊಡ್ಡದಾಗಿ ಆಗಿರುತ್ತದೆ. ಇನ್ವರ್ಟರಿನಿಂದ ಹೊರಟ ಒಂಟಿ ಫೇಸ್ ವೈರನ್ನು ಎಲ್ಲ ಬೋರ್ಡಿಗೆ ಸುತ್ತಿಸಿ, ನ್ಯೂಟ್ರಲನ್ನು ಮನೆಯ ಮಾಮೂಲಿ ನ್ಯೂಟ್ರಲಿಗೇ ಬಿಟ್ಟಿರುತ್ತಾರೆ. ಎರಡು ಆರ್‌ಸಿಸಿಬಿ ಇರುವ ಮನೆಯಲ್ಲಿ ಕರೆಂಟು ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುತ್ತದೆ, ಎರಡೂ ಬೀಳುತ್ತವೆ. ಇನ್ವರ್ಟರ್ ಲೈನುಗಳಿಗೆ ಫೇಸ್, ನ್ಯೂಟ್ರಲ್ ಎರಡನ್ನೂ ಬೇರೆ ಮಾಡಿ, ಡಿಬಿಯಲ್ಲಿ ಅವಕ್ಕೇ ಒಂದು ಪ್ರತ್ಯೇಕ ನ್ಯೂಟ್ರಲ್ ಪಟ್ಟಿ ಕೊಡಿಸಿ.

ಇಷ್ಟಾದರೂ ನಿಲ್ಲದಿದ್ದರೆ ಎಲ್ಲೋ ನ್ಯೂಟ್ರಲ್ ಅರ್ತಿಗೆ ತಾಗಿದೆ. ಅನೇಕರು ಇಲ್ಲಿ ದಾರಿ ತಪ್ಪುತ್ತಾರೆ: ಒಂದೊಂದೇ ಎಂಸಿಬಿ ಕೆಳಗಿಳಿಸಿ ನೋಡುತ್ತಾರೆ, ಪತ್ತೆಯಾಗುವುದಿಲ್ಲ. ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕತ್ತರಿಸುತ್ತದೆ, ನ್ಯೂಟ್ರಲ್ ಹಾಗೇ ಕೂಡಿಕೊಂಡಿರುತ್ತದೆ. ಮೇನ್ ಆಫ್ ಮಾಡಿ, ಪ್ಲಗ್ಗೆಲ್ಲ ಕಿತ್ತು, ನ್ಯೂಟ್ರಲ್ ಪಟ್ಟಿಯಿಂದ ವೈರುಗಳನ್ನು ಒಂದೊಂದಾಗಿ ಬಿಚ್ಚಿ, ಚೀಟಿ ಅಂಟಿಸಿ, ಪ್ರತಿಯೊಂದಕ್ಕೂ ಅರ್ತಿಗೂ ನಡುವೆ ಮೀಟರಿಡಬೇಕು. ಕೆಲವೇ ಓಮ್ ತೋರಿಸಿದ್ದು ಕಳ್ಳ.

ಪ್ರಶ್ನೆ: ಚಿತ್ರದುರ್ಗದ ಬಾಡಿಗೆ ಮನೆ. ಅರ್ತಿಂಗ್ ಇಲ್ಲ. ಫ್ರಿಜ್ ಮುಟ್ಟಿದರೆ ಜುಂ ಅನ್ನುತ್ತಿತ್ತು. ಬಂದವರು ಸಾಕೆಟ್ಟಿನೊಳಗೇ ನ್ಯೂಟ್ರಲಿನಿಂದ ಮೇಲಿನ ದಪ್ಪ ಪಿನ್ನಿಗೆ (ಅರ್ತಿನದು) ತುಂಡು ವೈರು ಕೊಟ್ಟರು. ಈಗ ಟೆಸ್ಟರ್ ಉರಿಯುವುದಿಲ್ಲ. ಸರಿ ತಾನೇ?

ಉತ್ತರ: ಸರಿಯಲ್ಲ. ಈ ಪುಟದ ಎಲ್ಲ ಪ್ರಶ್ನೆಗಳಲ್ಲಿ ಅತಿ ಅಪಾಯದ್ದು ಇದು. ಇವತ್ತೇ ತೆಗೆಸಿ.

ಎಲ್ಲ ಸರಿ ಇರುವ ತನಕ ನ್ಯೂಟ್ರಲಿನಲ್ಲಿ ವೋಲ್ಟೇಜ್ ಕಾಣುವುದಿಲ್ಲ, ಆದ್ದರಿಂದ ಟೆಸ್ಟರ್ ಆರಿದೆ. ಹಿಂದೆ ಎಲ್ಲೋ ಒಂದು ಸ್ಕ್ರೂ ಸಡಿಲವಾಗಿ ನ್ಯೂಟ್ರಲ್ ಕಡಿಯಿತು ಎನ್ನಿ. ಫೇಸ್ ಫ್ರಿಜ್ಜಿನ ಮೋಟರು, ಬಲ್ಬುಗಳ ಮೂಲಕ ಅದೇ ನ್ಯೂಟ್ರಲಿಗೆ ಬರುತ್ತದೆ, ಅಲ್ಲಿಂದ ನಿಮ್ಮ ತುಂಡು ವೈರಿನ ಮೂಲಕ ಫ್ರಿಜ್ಜಿನ ಬಾಗಿಲಿಗೆ. ಆಗ ಬಾಗಿಲ ಮೇಲಿರುವುದು ಜುಂ ಅಲ್ಲ, ಪೂರ್ತಿ 230 ವೋಲ್ಟ್. ಸಾಕೆಟ್ಟಿಗೆ ಚುಚ್ಚಿ ನೋಡುವ ಮೂರು ದೀಪದ ಟೆಸ್ಟರ್ ಕೂಡ ಈ ತುಂಡು ವೈರನ್ನು ‘ಅರ್ತ್ ಸರಿ ಇದೆ’ ಎಂದೇ ತೋರಿಸುತ್ತದೆ. ಮೇನ್ ಆಫ್ ಮಾಡಿ ಮುಚ್ಚಳ ಬಿಚ್ಚಿ ಕಣ್ಣಲ್ಲಿ ನೋಡುವುದೊಂದೇ ದಾರಿ. ಮಾಲೀಕರು ಅರ್ತ್ ಗುಂಡಿ ತೋಡಿಸುವ ತನಕ ನಿಮ್ಮ ಖರ್ಚಿನಲ್ಲೇ ಒಂದು ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಮನೆ ಬಿಡುವಾಗ ಬಿಚ್ಚಿಸಿಕೊಂಡು ಹೋಗಬಹುದು.

ಪ್ರಶ್ನೆ: ಗದಗ ಜಿಲ್ಲೆ, ಎರೆ ಭೂಮಿ. ಉಪ್ಪು ಇದ್ದಿಲು ಹಾಕಿದ ಅರ್ತಿಂಗ್ ಹತ್ತು ವರ್ಷದ್ದು. ಬೇಸಿಗೆಯಲ್ಲಿ ಶಾಕ್, ಮಳೆಗಾಲದಲ್ಲಿ ಇಲ್ಲ. ಕೆಮಿಕಲ್ ಅರ್ತಿಂಗ್ ಮಾಡಿಸಬೇಕೆ?

ಉತ್ತರ: ತೀರ್ಥಹಳ್ಳಿಯವರಿಗೆ ಉಲ್ಟಾ! ಎರೆ ಮಣ್ಣು ಹಸಿ ಇದ್ದಾಗ ಅರ್ತಿಂಗಿಗೆ ಬಹಳ ಒಳ್ಳೆಯದು. ಏಪ್ರಿಲ್‌ನಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದಲ್ಲ, ಆಗ ಮಣ್ಣು ಪೈಪಿನಿಂದ ದೂರ ಸರಿಯುತ್ತದೆ, ಪೈಪು ಗಾಳಿಯಲ್ಲಿ ನಿಂತ ಹಾಗೆ. ಆದರೆ ಮೊದಲು ಗುಂಡಿಯ ಬಾಯಿ ತೆರೆದು ನೋಡಿ. ಹತ್ತರಲ್ಲಿ ಏಳೆಂಟು ಕಡೆ ಸಮಸ್ಯೆ ಭೂಮಿಯೊಳಗಿರುವುದಿಲ್ಲ, ಮೇಲಿನ ಕ್ಲಾಂಪಿನಲ್ಲಿರುತ್ತದೆ. ಉಪ್ಪಿಗೆ ನಟ್ಟು ಬೋಲ್ಟು ತಿಂದು, ಜಿಐ ತಂತಿ ಬರೀ ತುಕ್ಕಿನ ಮೇಲೆ ಕೂತಿರುತ್ತದೆ. ಎಳೆದರೆ ಕೈಗೇ ಬರುತ್ತದೆ. ಕೆರೆದು, ಹೊಸ ಬೋಲ್ಟ್ ಹಾಕಿ, ಗ್ರೀಸ್ ಸವರಿ, ನಾಲ್ಕು ಬಕೆಟ್ ನೀರು ಹುಯ್ದು, ಮರುದಿನ ಅರ್ತ್ ಟೆಸ್ಟರಿನಲ್ಲಿ ಅಳೆಸಿ. ಅಳೆಯುವಾಗ ಮನೆಯ ಕಡೆಯ ತಂತಿ ಬಿಚ್ಚಿರಬೇಕು, ಇಲ್ಲವಾದರೆ ಸುಳ್ಳು ಅಂಕಿ ಬರುತ್ತದೆ. 5 ಓಮಿನೊಳಗೆ ಬಂದರೆ ಬಹಳ ಚೆನ್ನ.

ಪೈಪೇ ಸತ್ತಿದ್ದರೆ ಹೊಸದು: ಒಳವ್ಯಾಸ 40 ಮಿಲಿಮೀಟರ್, ಉದ್ದ 2.5 ಮೀಟರ್, ತೂತು ಕೊರೆದ ಜಿಐ ಪೈಪು. ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ. ಒಂದು ಸಾಲದಿದ್ದರೆ ಎರಡನೆಯದನ್ನು ಪಕ್ಕದಲ್ಲೇ ಹುಗಿಯಬೇಡಿ, ನಡುವೆ 5 ಮೀಟರ್ ಬಿಡಿ. ಹತ್ತಿರ ಹುಗಿದರೆ ಎರಡೂ ಒಂದೇ ಮಣ್ಣಿಗೆ ಪೈಪೋಟಿ ಮಾಡುತ್ತವೆ, ಲಾಭವಿಲ್ಲ.

‘ಕೆಮಿಕಲ್’ ಎಂದು ಮಾರುವುದರಲ್ಲಿ ನಿಜವಾಗಿ ಕೆಲಸ ಮಾಡುವುದು ಬೆಂಟೊನೈಟ್ ಜೇಡಿ. ಅದು ನೀರು ಹೀರಿ ಉಬ್ಬಿ ರಾಡಿಗೆ ಅಂಟಿಕೊಳ್ಳುತ್ತದೆ, ತೇವವನ್ನು ಬೇಗ ಬಿಡುವುದಿಲ್ಲ. ಉಪ್ಪಿನಂತೆ ಕೊರೆಯುವುದೂ ಇಲ್ಲ. ನಿಮ್ಮ ಊರಿನ ಬೇಸಿಗೆಗೆ 3 ಮೀಟರಿನ ತಾಮ್ರ ಲೇಪಿತ ರಾಡು, ಸುತ್ತ ಬೆಂಟೊನೈಟ್ ಹಾಕಿಸುವುದು ಉಪ್ಪು ಇದ್ದಿಲಿಗಿಂತ ಮೇಲು. ಆದರೆ ತಾಮ್ರದ ಲೇಪ ಎಷ್ಟು ಮೈಕ್ರಾನ್ ಎಂದು ಕೇಳಿ, 250 ಇರಲಿ. ಬರೀ ಬಣ್ಣ ಬಳಿದಂಥ ತೆಳು ಲೇಪದ ರಾಡು ಅಗ್ಗಕ್ಕೆ ಸಿಗುತ್ತದೆ, ಬಡಿಯುವಾಗಲೇ ಸುಲಿಯುತ್ತದೆ.

ಮತ್ತೊಂದು ಮಾತು: ಹೊರಗೆ ಎಷ್ಟೇ ಒಳ್ಳೆಯ ಗುಂಡಿ ಇರಲಿ, ಅದರ ಹಸಿರು ವೈರು ಪ್ರತಿ ಸಾಕೆಟ್ಟಿನ ದಪ್ಪ ಪಿನ್ನಿಗೆ ತಲುಪಿಲ್ಲದಿದ್ದರೆ ಮನೆಗೆ ಅರ್ತಿಂಗ್ ಇಲ್ಲವೆಂದೇ. ಮೀಟರ್ ಬೋರ್ಡಿಗೆ ಬಂದು ಅಲ್ಲೇ ನಿಂತಿರುವ ಅರ್ತ್ ತಂತಿ ನಮ್ಮ ಹಳೆ ಮನೆಗಳಲ್ಲಿ ಎಷ್ಟು ಬೇಕಾದರೂ ಸಿಗುತ್ತದೆ.

ಪ್ರಶ್ನೆ: ಕುಮಟಾ. ಬಟ್ಟೆ ಒಣಹಾಕುವ ತಂತಿಯ ಒಂದು ತುದಿಯನ್ನು ಸರ್ವಿಸ್ ವೈರಿನ ಪೈಪಿಗೆ ಕಟ್ಟಿದ್ದೇವೆ. ಇಷ್ಟು ವರ್ಷ ಏನೂ ಆಗಿಲ್ಲ.

ಉತ್ತರ: ಈ ಪ್ಯಾರಾ ಓದಿ ಮುಗಿಸಿ ಎದ್ದು ಹೋಗಿ ಬೇರೆ ಕಡೆ ನೈಲಾನ್ ಹಗ್ಗ ಕಟ್ಟಿ. ಜಿಐ ತಂತಿಯನ್ನು ಬರಿಗೈಯಲ್ಲಿ ಬಿಚ್ಚಬೇಡಿ. ಮೊದಲು ಎಲೆಕ್ಟ್ರಿಷಿಯನ್ ಅಥವಾ ಲೈನ್‌ಮನ್ ಅದರಲ್ಲಿ ಕರೆಂಟಿಲ್ಲ ಎಂದು ನೋಡಲಿ. ಸರ್ವಿಸ್ ವೈರು ಗಾಳಿಗೆ ಪೈಪಿನ ಬಾಯಿಗೆ ಉಜ್ಜುತ್ತಲೇ ಇರುತ್ತದೆ, ಉಪ್ಪು ಗಾಳಿ ಬಿಸಿಲು ಎರಡೂ ಪ್ಲಾಸ್ಟಿಕ್ಕನ್ನು ಬಿರಿಯಿಸುತ್ತವೆ. ಒಂದು ದಿನ ಪೈಪಿಗೆ ಬಂದ ಕರೆಂಟು ನೇರವಾಗಿ ತಂತಿಗೆ. ಒದ್ದೆ ಸೀರೆ, ಒದ್ದೆ ಕೈ, ಬರಿಗಾಲು. ಆ ಜಾಗ ಮೀಟರಿನಿಂದ ಆಚೆ ಇರುವುದರಿಂದ ನಿಮ್ಮ ಎಂಸಿಬಿಯಾಗಲಿ ಆರ್‌ಸಿಸಿಬಿಯಾಗಲಿ ಅದನ್ನು ಕಡಿಯಲಾರದು. ಯಾರಾದರೂ ತಂತಿಗೆ ಹಿಡಿದುಕೊಂಡಿದ್ದರೆ ಅವರನ್ನು ಮುಟ್ಟಬೇಡಿ, ಒಣ ಕಟ್ಟಿಗೆಯಿಂದ ತಂತಿ ಬಿಡಿಸಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ದಾವಣಗೆರೆಯಲ್ಲಿ 1980ರ ಸುಮಾರಿಗೆ ಕಟ್ಟಿಸಿದ ಮನೆ. ಗೋಡೆಯೊಳಗೆ ಪೈಪು, ಅಲ್ಯೂಮಿನಿಯಂ ವೈರು. ಬೇಕಾದಲ್ಲಿ ತಾಮ್ರ ಸೇರಿಸಿಕೊಂಡು ಹೋಗಬಹುದೇ, ಪೂರ್ತಿ ಬದಲಿಸಬೇಕೇ? ಒಳ್ಳೆ ವೈರು ಗುರುತಿಸುವುದು ಹೇಗೆ?

ಉತ್ತರ: ಸೇರಿಸುವುದು ಬೇಡ. ಅಲ್ಯೂಮಿನಿಯಂ ಮೆತ್ತಗಿನ ಲೋಹ, ಸ್ಕ್ರೂ ಒತ್ತಿದ ಜಾಗದಲ್ಲಿ ವರ್ಷ ಕಳೆದಂತೆ ಹಿಂಡಿಕೊಂಡು ಹೋಗಿ ಸಡಿಲವಾಗುತ್ತದೆ. ಗಾಳಿ ತಾಗಿದ ಮೇಲ್ಮೈಯಲ್ಲಿ ಕರೆಂಟು ಹಾಯದ ಪದರ ಕಟ್ಟುತ್ತದೆ. ಅದಕ್ಕೆ ತಾಮ್ರ ಸುತ್ತಿ ಟೇಪ್ ಹಾಕಿದರೆ, ತೇವ ಸೇರಿದ ದಿನದಿಂದ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಸ್ವಿಚ್ ಬೋರ್ಡ್ ಬಿಚ್ಚಿದಾಗ ಸುಣ್ಣದಂಥ ಪುಡಿ ಕಂಡರೆ ಅದೇ. ‘ಮತ್ತೆ ಟೈಟ್ ಮಾಡೋಣ’ ಎಂದು ತಿರುಗಿಸಿದರೆ ಒಂಟಿ ಎಳೆಯ ವೈರು ಕತ್ತಿನಲ್ಲೇ ಮುರಿಯುತ್ತದೆ.

ಒಂದೇ ಸಲ ಆಗದಿದ್ದರೆ ಎರಡು ಕಂತು ಮಾಡಿ. ಮೊದಲು ಅಡುಗೆಮನೆ, ಬಚ್ಚಲು, ಮೀಟರಿನಿಂದ ಡಿಬಿ. ಎರಡನೆಯದು ದೀಪ, ಫ್ಯಾನು. ಪೈಪಿದ್ದರೆ ಗೋಡೆ ಒಡೆಯಬೇಕಾಗಿಲ್ಲ: ಹಳೆ ವೈರಿನ ತುದಿಗೆ ಹೊಸ ವೈರು ಬಿಗಿದು, ಟೇಪ್ ಸುತ್ತಿ, ಸ್ವಲ್ಪ ಟಾಲ್ಕಂ ಪೌಡರ್ ಸವರಿ, ಒಬ್ಬರು ತಳ್ಳುತ್ತ ಒಬ್ಬರು ಎಳೆಯುವುದು. ಸಿಕ್ಕಿಕೊಂಡರೆ ಜಗ್ಗಬೇಡಿ, ಪ್ಲಾಸ್ಟಿಕ್ ಸುಲಿದರೆ ಒಳಗೇ ಹೊಸ ದೋಷ. ಅಂಥ ಕಡೆ ಗೋಡೆಯ ಮೇಲೆ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ. ಚಂದ ಸ್ವಲ್ಪ ಕಡಿಮೆ, ರಿಪೇರಿ ಬಹಳ ಸುಲಭ. 20 ಮಿಲಿಮೀಟರ್ ಪೈಪಿನಲ್ಲಿ 1.5 ವೈರು ಐದಕ್ಕಿಂತ ಹೆಚ್ಚು ತುರುಕಬೇಡಿ, ಬಿಸಿ ಹೋಗಲು ದಾರಿ ಇರುವುದಿಲ್ಲ. ದೀಪ ಫ್ಯಾನಿನ ಒಂದು ಲೈನಿಗೆ ಹತ್ತು ಪಾಯಿಂಟ್ ಅಥವಾ 800 ವ್ಯಾಟ್ ಮಿತಿ, ಅದಕ್ಕೆ 1.5 ಸ್ಕ್ವೇರ್ ಎಂಎಂ, 6 ಅಥವಾ 10 ಆಂಪ್ ಎಂಸಿಬಿ.

ವೈರಿನ ಮೇಲೆ ಐಎಸ್‌ಐ ಗುರುತು, ಐಎಸ್ 694 ಎಂದು ಇರಬೇಕು. ಅದನ್ನೂ ನಕಲು ಹೊಡೆಯುವವರಿದ್ದಾರೆ, ಹಾಗಾಗಿ ಕಾಯಿಲ್ ಬಿಚ್ಚುವ ಮೊದಲು ಮಲ್ಟಿಮೀಟರಿನಲ್ಲಿ ಈ ತುದಿಯಿಂದ ಆ ತುದಿಗೆ ಅಳೆಯಿರಿ. 90 ಮೀಟರಿನ 1.5 ಸ್ಕ್ವೇರ್ ಎಂಎಂ ತಾಮ್ರದ ಕಾಯಿಲ್ ನಮ್ಮ ಹವೆಗೆ ಸುಮಾರು 1.25 ಓಮ್ ಮೀರಬಾರದು. 2.5ರದ್ದು 0.75 ಓಮ್. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ 0.2, 0.3ನ್ನು ಕಳೆಯಲು ಮರೆಯಬೇಡಿ. 1.5ರ ಕಾಯಿಲ್ 1.7, 1.8 ತೋರಿಸಿದರೆ ತಾಮ್ರ ಕದ್ದಿದ್ದಾರೆ ಅಥವಾ ಅದು ತಾಮ್ರವೇ ಅಲ್ಲ. ಅಂಗಡಿಯವರ ಎದುರಿಗೇ ಅಳೆದರೆ ಮಾತು ಕಡಿಮೆ.

ಪ್ರಶ್ನೆ: ಶಿರಸಿ. ಗಾಳಿ ಮಳೆಯ ರಾತ್ರಿ ಕೆಲವು ಬಲ್ಬು ಕಣ್ಣು ಕೋರೈಸುವಷ್ಟು ಉರಿದು, ಕೆಲವು ಮಂಕಾಗಿ, ಟಿವಿ ಫ್ರಿಜ್ ಎರಡೂ ಸುಟ್ಟವು. ತ್ರೀ ಫೇಸ್ ಮನೆ. ಎಂಸಿಬಿ ಏಕೆ ಬೀಳಲಿಲ್ಲ?

ಉತ್ತರ: ನ್ಯೂಟ್ರಲ್ ಕಡಿದಿತ್ತು. ಆಗ ಎರಡು ಫೇಸಿನ ನಡುವಿನ 400 ವೋಲ್ಟನ್ನು ಮನೆಯ ಸಾಮಾನುಗಳು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತವೆ. ಲೋಡು ಹೆಚ್ಚಿರುವ ಕಡೆ ಕಡಿಮೆ ವೋಲ್ಟೇಜು, ಬರೀ ಟಿವಿ ಬಲ್ಬು ಇರುವ ಕಡೆ 300ಕ್ಕೂ ಮೇಲೆ. ಎಂಸಿಬಿ ನೋಡುವುದು ಆಂಪನ್ನು, ವೋಲ್ಟನ್ನಲ್ಲ. ಒಂದು ಬಲ್ಬು ಜೋರು, ಇನ್ನೊಂದು ಮಂಕು ಕಂಡ ಕ್ಷಣ ಮೇನ್ ಆಫ್ ಮಾಡಬೇಕು, ಆಮೇಲೆ 1912. ಲೈನ್‌ಮನ್ ಬಂದು ಕಂಬದ ಕಡೆ ಸರಿ ಮಾಡಿದರೂ ನಿಮ್ಮ ಮೇನ್ ಸ್ವಿಚ್ಚಿನ ನ್ಯೂಟ್ರಲ್ ಸ್ಕ್ರೂ ಒಮ್ಮೆ ನೋಡಿಸಿ. ಅಲ್ಲಿ ವೈರು ಕಪ್ಪಾಗಿದ್ದರೆ ಅರ್ಧ ಕಾರಣ ಮನೆಯಲ್ಲೇ ಇತ್ತು. ಮುಂದಕ್ಕೆ ಡಿಬಿಯಲ್ಲಿ ಓವರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ: 270 ವೋಲ್ಟಿನ ಹತ್ತಿರ ಕಡಿಯುವಂಥದ್ದು, ಕರೆಂಟು ಸರಿಯಾದ ಮೇಲೆ ಒಂದೆರಡು ನಿಮಿಷ ಕಾದು ಕೂಡಿಸುವಂಥದ್ದು. ಫ್ರಿಜ್ಜಿನ ಕಂಪ್ರೆಸರಿಗೆ ಆ ಎರಡು ನಿಮಿಷ ಬೇಕು. ಸಿಡಿಲಿಗೆ ಇದು ಸಾಲದು, ಅದಕ್ಕೆ ಟೈಪ್ 2 ಸರ್ಜ್ ಪ್ರೊಟೆಕ್ಟರ್ ಬೇರೆಯೇ ಇದೆ, ಮತ್ತು ಅದು ಕೆಲಸ ಮಾಡುವುದು ಅರ್ತಿಂಗ್ ಸರಿ ಇದ್ದರೆ ಮಾತ್ರ.